ಗಾಳಿ ಕುಡಿದ ಗಚ್ಚು

ಕಂತು ಒಂಬತ್ತು

ಹಸಿರು ಬಣ್ಣ ಮೆತ್ತಿದ ಆ ಗಚ್ಚಿನ ಚೂರನ್ನು ಸುಣ್ಣಗಾರ ಹುಚ್ಚೀರಪ್ಪ ಮೂರನೆಯ ಸಲ ತಿರುಗಿಸಿ ನೋಡಿದ. ಅಂಗೈಯಗಲದ ಚೂರು, ಎರಡು ಬೆರಳು ದಪ್ಪ. ಉಗ್ರಾಣದ ಮೂಲೆಯಲ್ಲಿ, ಗೋಡೆಯಲ್ಲಿನ ಒಡೆದ ಗೂಡಿನ ಕೆಳಗೆ, ಅಂಥ ಚೂರುಗಳ ಗುಡ್ಡೆಯೇ ಬಿದ್ದಿತ್ತು.

“ಈ ಬಣ್ಣ ಯಾವಾಗ ಹಚ್ಚಿಸಿದ್ರಿ, ಕಸ್ತೂರೆಮ್ಮಾರ?”

ಮನೆಯೊಡತಿ ಕಸ್ತೂರೆಮ್ಮ ಹೊಸ್ತಿಲ ಮೇಲೆ ಕೋಲು ಊರಿಕೊಂಡು ಕೂತಿದ್ದಳು. ವಯಸ್ಸು ಎಪ್ಪತ್ತಾರು. ಮೊಣಕಾಲು ಸೋತಿದ್ದರೂ ದನಿ ಸೋತಿರಲಿಲ್ಲ.

“ಅದಾ? ಗೂಡು ಮುಚ್ಚಿದ ತಿಂಗಳೊಪ್ಪತ್ತಿಗೇ ಹಚ್ಚಿಸಿದೆ. ಬೀಗರು ಬರೋರಿದ್ರು. ಗ್ವಾಡಿ ಮ್ಯಾಲ ಹೊಸಾ ಗಚ್ಚಿನ ಗುರುತು ಕಾಣಬಾರದಂತ ಇಡೀ ಖೋಲಿಗೇ ಎಣ್ಣಿ ಬಣ್ಣ ಬಳಿಸಿದೆ. ನೀನು ಬ್ಯಾಡ ಅಂದಿದ್ದಿ, ನೆನಪೈತೇನು? ‘ಗಚ್ಚು ಗಾಳಿ ಕುಡೀಲಿ, ಒಂದು ವರ್ಷ ತಡೀರಿ’ ಅಂದಿದ್ದಿ. ನಾನೇ ಕೇಳಲಿಲ್ಲ.”

ಹೌದು, ಹೇಳಿದ್ದ. ನಲವತ್ತು ವರ್ಷದ ಹಿಂದಿನ ಆ ಮಾತು ತಪ್ಪಿಸಿಕೊಂಡ ಎಮ್ಮೆ ಹಟ್ಟಿಗೆ ತಿರುಗಿ ಬಂದ ಹಾಗೆ ಬಂದು ಅವನ ಮುಂದೆ ನಿಂತಿತು. ಬರುವುದಿತ್ತು, ಒಂದು ದಿನ ಮೊದಲು ಬರಬೇಕಿತ್ತು.

ಯಾಕೆಂದರೆ ನಿನ್ನೆ ಸಂಜೆ ಹುಚ್ಚೀರಪ್ಪ ಆಡಿದ ಒಂದೇ ಮಾತಿನ ಮೇಲೆ ಗಾರೆ ಕೆಲಸದ ಗೌಂಡಿ ರಫೀಯನ್ನು ಪೊಲೀಸರು ಕರೆದೊಯ್ದಿದ್ದರು. ಇಂದು ಹನ್ನೊಂದಕ್ಕೆ ಅವನನ್ನು ಕೊಪ್ಪಳದ ಕೋರ್ಟಿನಲ್ಲಿ ನಿಲ್ಲಿಸುವವರಿದ್ದರು. ಈಗ ಒಂಬತ್ತೂವರೆ.

ಸಂಗತಿ ಇಷ್ಟೇ. ನಲವತ್ತು ವರ್ಷದ ಹಿಂದೆ ಕಸ್ತೂರೆಮ್ಮ ತನ್ನ ತಾಯಿ ಕೊಟ್ಟ ಬೋರಮಾಳ ಸರ, ಬೆಳ್ಳಿಯ ಡಾಬು ಎರಡನ್ನೂ ಒಂದು ಮಣ್ಣಿನ ಕುಡಿಕೆಯಲ್ಲಿ ಹಾಕಿ ಈ ಗೋಡೆಯ ಗೂಡಿನಲ್ಲಿಟ್ಟಿದ್ದಳು. ಆಗ ಈ ಕಡೆಯ ಹಳೆಯ ಮನೆತನಗಳಿಗೆ ಬ್ಯಾಂಕಿಗಿಂತ ಗೋಡೆಯ ಮೇಲೇ ನಂಬಿಕೆ. ಗೌಂಡಿ ಯೂಸುಫ ಅವಳ ಕಣ್ಣೆದುರಿಗೇ ಗೂಡಿನ ಬಾಯಿಗೆ ಗಚ್ಚು ಮೆತ್ತಿ ಮುಚ್ಚಿದ್ದ. ಮುಂದೆ ಕಬ್ಬಿಣದ ಕಪಾಟು ನಿಂತಿತು. ನಾಡಿದ್ದಿನ ಮೊಮ್ಮಗಳ ಮದುವೆಗೆಂದು ಮೊನ್ನೆ ಒಡೆಸಿದರೆ ಕುಡಿಕೆ ಇತ್ತು, ಒಡವೆ ಇರಲಿಲ್ಲ.

ಪಿ.ಎಸ್.ಐ. ದುರಗೇಶ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿಯಷ್ಟು ಗಚ್ಚಿನ ಪುಡಿ ಹಾಕಿಕೊಂಡು ಅಳವಂಡಿಗೆ, ಹುಚ್ಚೀರಪ್ಪನ ಮನೆಗೆ ಬಂದಿದ್ದ. “ಅಜ್ಜಾರ, ಸುಣ್ಣ ಸುಟ್ಟ ಕೈ ನಿಮ್ಮದು. ಇದು ಹಳೇದೋ ಹೊಸದೋ ಹೇಳ್ರಿ.” ಹುಚ್ಚೀರಪ್ಪ ಅರಿಶಿಣದ ನೀರು ಕಲಸಿ ಅದರ ಮೇಲೆ ಬಿಟ್ಟಿದ್ದ. ಪುಡಿ ಕುಂಕುಮದ ಹಾಗೆ ಕೆಂಪಾಯಿತು. ಹಸಿ ಸುಣ್ಣಕ್ಕೆ ಅರಿಶಿಣ ಕೆಂಪಾಗುತ್ತದೆ. ಗಾಳಿ ಕುಡಿದು ಕಲ್ಲಾದ ಸುಣ್ಣಕ್ಕೆ ಅದು ಹಳದಿಯಾಗಿಯೇ ಉಳಿಯುತ್ತದೆ. “ಹಸಿ ಐತಿ. ವರ್ಷ ತುಂಬಿಲ್ಲ,” ಅಂದಿದ್ದ.

ವರ್ಷದೊಳಗೆ ಈ ಮನೆಯಲ್ಲಿ ಸುಣ್ಣದ ಕೆಲಸ ಮಾಡಿದವನು ಒಬ್ಬನೇ. ಹೋದ ತಿಂಗಳು ಮಾಳಿಗೆಯ ಸೋರಿಕೆ ಕಟ್ಟಿದ ರಫೀ, ಯೂಸುಫನ ಮಗ. ಒಡೆದು, ತೆಗೆದು, ತಿರುಗಿ ಮುಚ್ಚಿದವನು ಅವನೇ ಎಂದು ಎಲ್ಲರಿಗೂ ಅನ್ನಿಸಲು ಇನ್ನೇನು ಬೇಕು?

“ಭಟ್ಟಿ ನೋಡದೆ ಸುಣ್ಣದ ಮಾತಾಡಬಾರದು” ಎಂದು ಹುಚ್ಚೀರಪ್ಪನ ಅಪ್ಪ ಹೇಳುತ್ತಿದ್ದ. ಎಪ್ಪತ್ತೊಂಬತ್ತು ವರ್ಷ ಆ ಮಾತು ಮೀರಿರಲಿಲ್ಲ. ನಿನ್ನೆ ಮೀರಿದ್ದ. ಗೋಡೆ ನೋಡದೆ, ಪುಡಿ ನೋಡಿ ಮಾತಾಡಿದ್ದ.

ಇಂದು ಬೆಳಿಗ್ಗೆ ಆರಕ್ಕೆ ಯೂಸುಫನ ಹೆಂಡತಿ ಶಾಹಜಾದಬಿ ಅವನ ಅಂಗಳದಲ್ಲಿ ಬಂದು ನಿಂತಿದ್ದಳು. ಅಳಲಿಲ್ಲ, ಶಾಪ ಹಾಕಲಿಲ್ಲ.

“ಅಣ್ಣಾರ, ನಿಮ್ಮ ಮಾತಿಗೆ ನನ್ನ ಮಗ ಒಳಗ ಹೋಗ್ಯಾನ. ನಿಮ್ಮ ಮಾತೇ ಅವನ್ನ ಹೊರಗ ತರಬೇಕು.”

ಅಷ್ಟೇ. ಇಬ್ಬರೂ ಮೊದಲ ಬಸ್ಸಿಗೆ ಕೊಪ್ಪಳಕ್ಕೆ, ಕಸ್ತೂರೆಮ್ಮನ ಮನೆಗೆ ಬಂದಿದ್ದರು. ಈಗ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಆ ಕಟ್ಟೆ ಅವಳಿಗೆ ಹೊಸದಲ್ಲ. ಮದುವೆಗೆ ಹೊದೆಯುವ ಕೌದಿ ಹೊಲಿಯಲು ಕಸ್ತೂರೆಮ್ಮ ಕರೆಸಿದ್ದರಿಂದ ಹೋದ ತಿಂಗಳು ಹದಿನೈದು ದಿನ ಅಲ್ಲೇ ಕೂತು ಸೂಜಿ ಆಡಿಸಿದ್ದಳು.

*

“ಏನ್ ಅಜ್ಜಾರ, ಮತ್ತ ಪೂಜಿ ಸುರು ಮಾಡಿದ್ರೇನು? ಅರಿಶಿಣ ಆತು, ಕುಂಕುಮಾನೂ ತರಿಸಲೇನು?”

ಬಂದವನು ಗೌರೀಶ, ಕಸ್ತೂರೆಮ್ಮನ ತಮ್ಮನ ಮಗ. ಬಸ್‌ ಸ್ಟ್ಯಾಂಡಿನ ಹತ್ತಿರ ಸಿಮೆಂಟು, ಟೈಲ್ಸಿನ ಅಂಗಡಿ. ಗೂಡು ಒಡೆದದ್ದು ಅವನ ಹಾರೆಯೇ, ರಫೀಯ ಹೆಸರು ಮೊದಲು ಎತ್ತಿದ್ದು ಅವನ ಬಾಯೇ.

“ಸ್ವಲ್ಪ ನಿಂದರಪಾ,” ಎಂದ ಹುಚ್ಚೀರಪ್ಪ. ಹಿತ್ತಾಳೆಯ ಬಟ್ಟಲಲ್ಲಿ ಅರಿಶಿಣದ ನೀರು ಸಿದ್ಧವಿತ್ತು. ಗಚ್ಚಿನ ಚೂರನ್ನು ಮಧ್ಯಕ್ಕೆ ಮುರಿದ. ರೊಟ್ಟಿ ಮುರಿದಂತೆ ಅದು ಎರಡಾಯಿತು. ಮುರಿದ ಅಂಚಿಗೆ ಬೆರಳಿನಿಂದ ನೀರು ಸವರಿದ.

ಹಸಿರು ಬಣ್ಣದ ಕೆಳಗಿನಿಂದ ನಡುವಿನವರೆಗೆ ಅಂಚು ಕೆಂಪೇರಿತು.

“ನೋಡ್ರಿ, ಕೆಂಪು,” ಎಂದ ಗೌರೀಶ. “ನಿನ್ನೀನೂ ಕೆಂಪು, ಇವತ್ತೂ ಕೆಂಪು. ನೀವು ಹೇಳಿದ್ದು ಖರೆ ಆತಲ್ಲ. ಮತ್ತ್ಯಾಕ ಇಲ್ಲೀತನಕ ಬಂದ್ರಿ? ಗೆಳ್ಯಾನ ಮಗ ಅಂತ ಮನಸು ಕರಗಿತೇನು?”

“ಮನಸು ಕರಗಿದ್ರ ಅರಿಶಿಣದ ಬಣ್ಣ ಬದಲಾಗೂದಿಲ್ಲಪಾ. ಈ ಎಣ್ಣಿ ಬಣ್ಣ ನೋಡು. ತಿಂಗಳದಾಗ ಹಚ್ಯಾರ. ಗಚ್ಚಿಗೆ ಗಾಳಿನ ಸಿಕ್ಕಿಲ್ಲ. ಗಾಳಿ ಸಿಗದ ಗಚ್ಚು ನಲವತ್ತು ವರ್ಷ ಆದ್ರೂ ಹಸೀನ ಇರತೈತಿ. ನಾ ನಿನ್ನಿ ಬಣ್ಣ ನೋಡಲಿಲ್ಲ. ಪುಡಿ ನೋಡಿ ಹೇಳಿದೆ. ಅದು ನನ್ನ ತಪ್ಪು.”

“ಅಂದ್ರ ಕೆಂಪಾದ್ರೂ ಹಳೇದು, ಹಳದಿ ಆದ್ರೂ ಹಳೇದು. ಛಲೋ ಐತಿ ನಿಮ್ಮ ಶಾಸ್ತ್ರ.” ಗೌರೀಶ ಅತ್ತೆಯ ಕಡೆ ತಿರುಗಿದ. “ಅತ್ತಿ, ಸಿಮೆಂಟಿನ ಕಾಲದಾಗ ಸುಣ್ಣಗಾರರ ಮಾತು ಕೇಳಾಕತ್ತೀವಿ ನೋಡು.”

ಹುಚ್ಚೀರಪ್ಪ ಸಿಟ್ಟಾಗಲಿಲ್ಲ. ಸಿಟ್ಟಿನಿಂದ ಭಟ್ಟಿ ಕಾಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಶಾಲೆಯನ್ನು ಅವನು ಎರಡೇ ವರ್ಷ ಕಂಡದ್ದು. ಉಳಿದದ್ದನ್ನೆಲ್ಲ ಬೆಂಕಿ ಕಲಿಸಿತ್ತು.

ಕೆಂಪಾದ ಆ ಅಂಚನ್ನು ನೋಡುತ್ತ ನಿಂತವನಿಗೆ ಅಳವಂಡಿಯ ಭಟ್ಟಿ ಕಣ್ಣಿಗೆ ಕಟ್ಟಿತು.

ನಾಲ್ಕು ಜನರ ಕೆಲಸ ಅದು. ಅವನು, ಅವನ ಹೆಂಡತಿ ಪಕ್ಕೀರವ್ವ, ಯೂಸುಫ, ಶಾಹಜಾದಬಿ. ಮೊದಲ ಮಳೆ ಎರೆಹೊಲದ ಮಣ್ಣು ತೊಳೆದು ಹೋದ ಮೇಲೆ ಸುಣ್ಣದ ಹರಳು ಮೇಲೆ ತೇಲುತ್ತಿತ್ತು. ಹೆಂಗಸರು ಬುಟ್ಟಿ ತುಂಬ ಆರಿಸಿ ತರುತ್ತಿದ್ದರು. ಒಂದು ಪದರ ಜಾಲಿ ಕಟ್ಟಿಗೆ, ಒಂದು ಪದರ ಹರಳು, ಹೀಗೆ ಆಳೆತ್ತರ ಪೇರಿಸಿ ಬೆಂಕಿ ಕೊಡುವುದು. ಮೂರು ದಿನಕ್ಕೆ ಕಲ್ಲು ಉಸಿರು ಬಿಟ್ಟು ಹಗುರಾಗುತ್ತಿತ್ತು. ಆ ಸುಣ್ಣ ಚಕ್ಕಡಿಯಲ್ಲಿ ಕುಷ್ಟಗಿಗೆ, ಯಲಬುರ್ಗಾಕ್ಕೆ ಹೋಗುತ್ತಿತ್ತು. ಕಾಲುವೆ ನೀರು ಬಂದು ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು ಎದ್ದಾಗ ಅಲ್ಲಿಗೂ ಹೋಯಿತು. ನೀರು ಬಿಟ್ಟ ಕೂಡಲೇ ಸುಣ್ಣ ಕೊತಕೊತ ಕುದಿಯುವ ಸದ್ದು, ಮೂಗಿಗೆ ಏರುವ ಬಿಸಿ ಹಬೆ. ಆ ವಾಸನೆ ಇಂದಿಗೂ ಕನಸಿನಲ್ಲಿ ಬರುತ್ತದೆ. ಬಂದ ದಿನ ಪಕ್ಕೀರವ್ವನೂ ಬರುತ್ತಾಳೆ, ರೆಪ್ಪೆಯ ಮೇಲೆ ಬಿಳಿ ಪುಡಿ ಕೂತ ಮುಖದಲ್ಲಿ.

ಒಂದು ವರ್ಷ ಯೂಸುಫನಿಗೆ ಬುದ್ಧಿ ಜಾಸ್ತಿಯಾಯಿತು. ಕಾವು ಸುಮ್ಮನೆ ಮೇಲೆ ಹೋಗಿ ಹಾಳಾಗುತ್ತದೆಂದು ಭಟ್ಟಿಯ ಬಾಯಿಗೆ ದಪ್ಪ ಹಂಚು ಮುಚ್ಚಿ, ಸಂದಿಗೆಲ್ಲ ಕೆಸರು ಮೆತ್ತಿದ. ಕೆಳಗೆ ಗಾಳಿಗೆ ಸಣ್ಣ ಕಂಡಿ ಇತ್ತು. ಕೆಂಡ ಮೂರು ದಿನವೂ ಕೆಂಪಗೇ ಇತ್ತು. ಬಿಚ್ಚಿ ನೋಡಿದರೆ ಹರಳು ಹರಳಾಗಿಯೇ ಕೂತಿದ್ದವು. ಒಂದೂ ಸುಣ್ಣವಾಗಿರಲಿಲ್ಲ.

“ಕಲ್ಲಿಗೆ ಉಸಿರು ಬಿಡಾಕ ಬಾಯಿ ಬ್ಯಾಡೇನೋ ಯೂಸುಫಾ?” ಎಂದು ಪಕ್ಕೀರವ್ವ ನಕ್ಕದ್ದು ಊರಿಗೇ ಕೇಳಿಸಿತ್ತು. “ನಿನ್ನ ಮೂಗು ಹಿಡದು ‘ಬಿಡು ಉಸಿರ’ ಅಂದ್ರ ನೀನರ ಎಲ್ಲಿ ಬಿಡ್ತಿ?”

ಅದೇ ವಾರ ಹರಳು ನೋಡಲು ಬಂದವರು ಕಸ್ತೂರೆಮ್ಮನ ಗಂಡ ತಿಮ್ಮಣ್ಣ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಸುದ್ದಿ ಕೇಳಿ ಅವರಿಗೆ ನಗು ಬರಲಿಲ್ಲ, ಸಂತೋಷವಾಯಿತು. ಭಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತು, ಎದುರಿಗೆ ನಾಲ್ವರನ್ನೂ ಕೂರಿಸಿಕೊಂಡು ಹೇಳಿದ್ದರು:

“ತಾವರಗೇರಾ ಸಂತಿ ನೋಡೀರಿಲ್ಲೋ? ನಡು ಹೊತ್ತಿನಾಗ ಸಂತಿ ತುಂಬಿ ನಿಂತಂಗ ಕಾಣತೈತಿ. ಖರೆ ಅಂದ್ರ ಅದು ನಿಂತಿರೂದಿಲ್ಲ. ಬರೋರು ಬರತಾ ಇರತಾರ, ಹೋಗೋರು ಹೋಗತಾ ಇರತಾರ. ಎರಡೂ ಸಮ ಅದಾವಂತ ನಮಗ ನಿಂತಂಗ ಕಾಣತೈತಿ. ಇದಕ್ಕ ಸಮತೋಲನ ಅಂತಾರ. ಕಲ್ಲಿಂದ ಉಸಿರು ಹೊರಗ ಹೊಂಟೈತಿ, ಅದೇ ಉಸಿರು ತಿರುಗಿ ಸುಣ್ಣದಾಗ ಸೇರಿ ಕಲ್ಲು ಆಗಾಕತ್ತೈತಿ. ಬಾಯಿ ಮುಚ್ಚಿದ್ರ ಹೋದಷ್ಟೂ ತಿರುಗಿ ಬರತೈತಿ, ಕಲ್ಲು ಕಲ್ಲೇ. ಬಾಯಿ ತಗದ್ರ ಹೋದದ್ದು ಹೋಗೇ ಬಿಡತೈತಿ, ಎಲ್ಲಾ ಸುಣ್ಣ. ನೀವು ಯಾವ ಕಡೆ ಒತ್ತತೀರೋ, ಅದು ಆ ಒತ್ತು ಕಳಕೊಳ್ಳೂ ಕಡೆ ಸರೀತೈತಿ. ಕಾವು ಕೊಟ್ರ ಒಂದು ಕಡೆ. ಉಸಿರು ಕೊಟ್ರ ಇನ್ನೊಂದು ಕಡೆ.”

“ಹಂಗಾರ ಗ್ವಾಡಿಗೆ ಮೆತ್ತಿದ್ದು?” ಎಂದು ಕೇಳಿದವಳು ಶಾಹಜಾದಬಿ. ಆಗ ಇಪ್ಪತ್ತೈದರ ಹುಡುಗಿ.

“ಗ್ವಾಡಿ ತಣ್ಣಗೈತಿ, ಗಾಳ್ಯಾಗ ಉಸಿರೈತಿ. ಕಳಕೊಂಡದ್ದನ್ನ ತಿರುಗಿ ಕುಡದು ಮತ್ತ ಕಲ್ಲಾಗತೈತವ್ವ. ತವರಿಗೆ ಬಂದಂಗ.”

ಮಾಸ್ತರರು ಹೋಗಿ ಇಪ್ಪತ್ತು ವರ್ಷ. ಯೂಸುಫ ಹೋಗಿ ಆರು. ಪಕ್ಕೀರವ್ವ ಹೋಗಿ ಹನ್ನೊಂದು. ಭಟ್ಟಿ ಇದ್ದ ಜಾಗದಲ್ಲಿ ಈಗ ಯಾರದೋ ಟ್ರ್ಯಾಕ್ಟರ್ ಶೆಡ್ಡು.

*

“ಅಜ್ಜಾರ, ನಿದ್ದಿ ಹತ್ತಿತೇನು?” ಗೌರೀಶ ವಾಚು ನೋಡಿಕೊಂಡ.

ಹುಚ್ಚೀರಪ್ಪ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದ. ನಡುವಿನವರೆಗೆ ಕೆಂಪು. ಅಲ್ಲಿಂದಾಚೆ, ಗೂಡಿನ ಒಳಗಡೆಗೆ ಇದ್ದ ಮೈಯಲ್ಲಿ, ಒಂದು ಬೆರಳಿನಷ್ಟು ದಪ್ಪಕ್ಕೆ ಅರಿಶಿಣ ಹಳದಿಯಾಗಿಯೇ ಉಳಿದಿತ್ತು. ಎರಡು ಬಣ್ಣಗಳ ನಡುವೆ ಗೆರೆ ಎಳೆದ ಹಾಗಿತ್ತು. ಉಗುರು ಹಾಕಿದ. ಕೆಂಪು ಕಡೆ ಉಗುರಿಗೆ ಬಂತು, ಹಳದಿ ಕಡೆ ಬರಲಿಲ್ಲ. ಅದು ಕಲ್ಲಾಗಿತ್ತು.

ಇನ್ನೊಂದು ಚೂರು ಮುರಿದ. ಅದೂ ಹಾಗೇ. ಮೂರನೆಯದೂ ಹಾಗೇ.

“ಗೌರೀಶಪ್ಪ, ಇಲ್ಲಿ ಬಾ. ಇದು ಯಾವ ಕಡೀದು?”

“ಬಣ್ಣ ಇಲ್ಲದ ಕಡೀದು. ಒಳಗಿನ ಮಗ್ಗಲು.”

“ಒಳಗಿನ ಮಗ್ಗಲು ಕಲ್ಲಾಗೇತಿ. ಹೋದ ತಿಂಗಳು ಮೆತ್ತಿದ ಗಚ್ಚು ಒಂದು ಬೆರಳು ಕಲ್ಲಾಗೂದಿಲ್ಲ. ಅದಕ್ಕ ವರ್ಷಗಟ್ಟಲೆ ಬೇಕು. ಅಂದ್ರ ಈ ಗಚ್ಚು ಯೂಸುಫ ಮೆತ್ತಿದ್ದೇ. ಮುಂದಿಂದ ಇದನ್ನ ಯಾರೂ ಮುಟ್ಟಿಲ್ಲ. ನಿನ್ನ ಹಾರೀನ ಮೊದಲು ಮುಟ್ಟಿದ್ದು.”

ಗೌರೀಶನ ನಗು ಅರ್ಧಕ್ಕೆ ನಿಂತಿತು. “ಹಂಗಾರ ಒಡವಿ? ಯೂಸುಫನೇ ಮುಚ್ಚೂ ಮುಂದ ಕೈ ಹಾಕಿದ್ನೇನು? ಅಪ್ಪ ಕದ್ದ, ಮಗ ಸಿಕ್ಕ. ಇಷ್ಟೇ ವ್ಯತ್ಯಾಸ.”

“ಯೂಸುಫ ಮುಚ್ಚೂ ಮುಂದ ನಾನು ಕುಡಿಕಿ ಅಲಗಾಡಿಸಿ ನೋಡೀನಿ,” ಎಂದಳು ಕಸ್ತೂರೆಮ್ಮ ಹೊಸ್ತಿಲಿಂದ. “ಸದ್ದು ಬಂದಿತ್ತು. ಸತ್ತವನ ಮ್ಯಾಲ ಮಾತಾಡಬ್ಯಾಡ.”

ಹುಚ್ಚೀರಪ್ಪನಿಗೆ ಆ ಮಾತು ಹಿತವಾಯಿತು. ಆದರೆ ಮನಸ್ಸು ಆಗಲೇ ಇನ್ನೊಂದು ಕಡೆ ಸರಿದಿತ್ತು. ಮುಂದೆ ಬಣ್ಣ, ಸರಿ. ಹಿಂದೆ ಮುಚ್ಚಿದ ಗೂಡು. ಮುಚ್ಚಿದ ಗೂಡಿನೊಳಗೆ ಎಷ್ಟು ಗಾಳಿ ಇದ್ದೀತು? ಒಂದು ಕೊಡದಷ್ಟು. ಅದರಲ್ಲಿನ ಉಸಿರನ್ನು ಗಚ್ಚು ಒಂದು ವಾರದಲ್ಲಿ ಕುಡಿದು ಮುಗಿಸುತ್ತದೆ. ಆಮೇಲೆ ಒಳಮೈಯೂ ಹಸಿಯಾಗಿಯೇ ಇರಬೇಕಿತ್ತು, ಯೂಸುಫನ ಆ ಹಾಳು ಭಟ್ಟಿಯ ಹಾಗೆ. ಒಳಮೈ ಕಲ್ಲಾಗಬೇಕಾದರೆ ಉಸಿರು ಬರುತ್ತಲೇ ಇರಬೇಕು. ದಿನವೂ. ವರ್ಷಗಟ್ಟಲೆ.

“ಈ ಗೂಡು ಉಸಿರಾಡೇತಿ,” ಎಂದ, ತನಗೇ ಹೇಳಿಕೊಳ್ಳುವವನಂತೆ.

ಬಗ್ಗಿ ಗೂಡಿನೊಳಗೆ ಕೈ ಹಾಕಿದ. ಗೂಡಿನ ಬೆನ್ನು ಒಂದು ಗೇಣೂ ದಪ್ಪ ಇರಲಿಲ್ಲ. ಕಲ್ಲಿಂದ ಕಲ್ಲಿಗೆ ಬೆರಳು ಸವರುತ್ತ ಹೋದ. ಬೆಚ್ಚಗೆ, ಒಣಕಲು, ಬೆಚ್ಚಗೆ, ಒಣಕಲು. ಕೆಳಗಿನ ಎಡಮೂಲೆಯಲ್ಲಿ ಒಂದು ಕಲ್ಲಿನ ಸುತ್ತ ಮಾತ್ರ ಬೆರಳಿಗೆ ತಂಪು ಹತ್ತಿತು. ಹಸಿ ಸುಣ್ಣದ ತಂಪು. ಅರವತ್ತು ವರ್ಷ ಮುಟ್ಟಿದ ತಂಪು.

ಹೊರಗೆಳೆದ ಬೆರಳಿನ ತುದಿಯನ್ನು ಅರಿಶಿಣದ ಬಟ್ಟಲಿಗೆ ಅದ್ದಿದ. ಬೆರಳು ಕೆಂಪಾಯಿತು.

“ಇದರ ಹಿಂದ ಏನೈತಿ?”

ಕಸ್ತೂರೆಮ್ಮ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. “ಹಿತ್ತಲ. ಕುಳ್ಳು ಒಟ್ಟೂ ಜಾಗ.”

*

ಹಿತ್ತಲಿನ ಗೋಡೆಗೆ ಸಗಣಿಯ ಕುಳ್ಳು ಸೊಂಟದೆತ್ತರ ಒಟ್ಟಿತ್ತು. ಹುಚ್ಚೀರಪ್ಪ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟ. ಗೌರೀಶ ಕೈ ಕಟ್ಟಿ ನಿಂತಿದ್ದ. ಕಟ್ಟೆಯ ಮೇಲಿದ್ದ ಶಾಹಜಾದಬಿ ಎದ್ದು ನಿಂತಳು. ಸಹಾಯಕ್ಕೆ ಬರಲಿಲ್ಲ. ಅದು ಹುಚ್ಚೀರಪ್ಪನಿಗೆ ವಿಚಿತ್ರವೆನಿಸಿತು. ಯಾರಾದರೂ ಕೆಲಸ ಮಾಡುತ್ತಿದ್ದರೆ ಸುಮ್ಮನೆ ನಿಲ್ಲುವ ಹೆಂಗಸಲ್ಲ ಅವಳು.

ಕೊನೆಯ ಸಾಲಿನ ಹಿಂದೆ, ನೆಲದಿಂದ ಮೊಣಕಾಲೆತ್ತರದಲ್ಲಿ, ಒಂದು ತಟ್ಟೆಯಷ್ಟು ಜಾಗಕ್ಕೆ ಕೆಮ್ಮಣ್ಣು ಸಾರಿಸಿತ್ತು. ಗೋಡೆಯ ಉಳಿದ ಭಾಗದಲ್ಲೂ ಕೆಮ್ಮಣ್ಣೇ. ನೋಡುವ ಕಣ್ಣಿಗೆ ವ್ಯತ್ಯಾಸವಿಲ್ಲ. ಹುಚ್ಚೀರಪ್ಪ ಮಣ್ಣು ಕೆರೆದ. ಕೆಳಗೆ ಬಿಳಿ ಗಚ್ಚು ಕಂಡಿತು. ಅರಿಶಿಣದ ನೀರು ಬಿಟ್ಟ.

ರಕ್ತ ಚಿಮ್ಮಿದ ಹಾಗೆ ಕೆಂಪು.

“ಇದು ಹೊಸದು,” ಎಂದ. “ಇದಕ್ಕ ಎಣ್ಣಿ ಬಣ್ಣ ಇಲ್ಲ, ಬಯಲಾಗ ಐತಿ. ಆದ್ರೂ ಹಸಿ. ಮೂರ್ನಾಲ್ಕು ವಾರ ಆಗಿರಬೇಕು, ಹೆಚ್ಚಂದ್ರ. ಇಲ್ಲೊಂದು ತೂತು ಇತ್ತು. ವರ್ಷಗಟ್ಟಲೆ ಇತ್ತು. ಕುಳ್ಳಿನ ಹಿಂದ ಯಾರಿಗೂ ಕಾಣಲಿಲ್ಲ. ಅದರಾಗಿಂದ ಒಡವಿ ಹೋತು, ಗಾಳಿ ಬಂತು. ಮೊನ್ನೆ ಮೊನ್ನೆ ಅದನ್ನ ಯಾರೋ ಮುಚ್ಯಾರ.”

ಅಂಗಿಯ ಕಿಸೆಯಲ್ಲಿ ಫೋನು ಸದ್ದು ಮಾಡಿತು. ದುರಗೇಶ. ಕಿವಿ ಮಂದವೆಂದು ಹುಚ್ಚೀರಪ್ಪನ ಫೋನು ಯಾವಾಗಲೂ ಜೋರು ದನಿಯಲ್ಲೇ ಇರುತ್ತಿತ್ತು.

“ಅಜ್ಜಾರ, ಹತ್ತೂಕಾಲು ಆತು. ನಾ ಕಾಗದ ತಯಾರು ಮಾಡಬೇಕು. ಏನ್ ಅಂತೀರಿ?”

ಹುಚ್ಚೀರಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತನ್ನ ತಪ್ಪನ್ನು ಮೊದಲು ಹೇಳಿದ, ಬಣ್ಣದ ಮಾತು ಆಮೇಲೆ, ಒಳಮೈಯ ಮಾತು ಕೊನೆಗೆ. ಆ ಕಡೆ ದುರಗೇಶ ಬರೆದುಕೊಳ್ಳುತ್ತ ‘ಹೂಂ’ ಎನ್ನುತ್ತಿದ್ದ.

“ಅಂದ್ರ ಮುಂದಿನ ಗಚ್ಚು ರಫೀ ಮುಟ್ಟಿಲ್ಲ. ಸರಿ. ಹಿಂದಿನ ತೂತು ಮುಚ್ಚಿದೋರು ಯಾರು?”

“ಇನ್ಯಾರು ಸರ್,” ಗೌರೀಶ ಮುಂದೆ ಬಂದು ಫೋನಿಗೆ ಬಾಗಿದ. “ನಾ ಗೌರೀಶ ಮಾತಾಡೂದು. ಹೋದ ತಿಂಗಳು ಇಲ್ಲಿ ಸುಣ್ಣ ಕಲಸಿದೋನು ರಫೀ ಒಬ್ಬನ. ಉಳಿದ ಸುಣ್ಣದ ಗಡಿಗಿ ಇನ್ನೂ ಇಲ್ಲೇ ಮೂಲ್ಯಾಗ ಐತಿ. ಗೌಂಡಿ ಕೆಲಸ, ಗೌಂಡೀನ ಮಾಡ್ಯಾನ. ಮುಂದಿಂದ ಅಲ್ಲ, ಹಿಂದಿಂದ. ಅಜ್ಜಾರ ಛಲೋ ಮಾಡಿದ್ರಿ, ಸಾಕ್ಷಿ ಗಟ್ಟಿ ಮಾಡಿ ಕೊಟ್ರಿ.”

ದುರಗೇಶ ಹುಚ್ಚೀರಪ್ಪನನ್ನೇ ಕೇಳಿದ. “ಅಜ್ಜಾರ, ನೀವು ಹೇಳ್ರಿ. ಆ ಕೈ ರಫೀದೇನು?”

ಹುಚ್ಚೀರಪ್ಪ ಫೋನನ್ನು ಕಲ್ಲಿನ ಮೇಲಿಟ್ಟು ಗೋಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕೈಯ ಗುರುತು ಹೇಳುವುದು ಅವನಿಗೆ ಕಷ್ಟವಲ್ಲ. ಒಬ್ಬೊಬ್ಬರ ಗಚ್ಚು ಒಂದೊಂದು ತರಹ. ಬಿರುಕು ಬಿಡದಿರಲೆಂದು ಯೂಸುಫ ಪುಂಡಿಯ ನಾರು ಕತ್ತರಿಸಿ ಹಾಕುತ್ತಿದ್ದ. ಮಗನೂ ಅದನ್ನೇ ಹಾಕುತ್ತಾನೆ, ಉದ್ದುದ್ದ, ಬೆರಳಿನಷ್ಟು. ಪುಂಡಿ ನಾರು ಸಿಕ್ಕರೆ ರಫೀ ಮುಗಿದ. ಸಿಗದಿದ್ದರೆ ಉಳಿದ.

ಉಗುರಿನಿಂದ ಗಚ್ಚಿನ ಒಂದು ಚಕ್ಕೆ ಕಿತ್ತು ಅಂಗೈಯಲ್ಲಿ ಪುಡಿ ಮಾಡಿದ.

ಪುಂಡಿ ನಾರು ಇರಲಿಲ್ಲ.

ನಿಟ್ಟುಸಿರು ಬಿಡುವ ಮೊದಲೇ ಬೆರಳಿಗೆ ಬೇರೆ ಏನೋ ತೊಡಕಿತು. ಬೆಳಕಿಗೆ ಹಿಡಿದ. ಕೆಂಪು ಎಳೆ. ಗೋದಿಕಾಳಿನಷ್ಟು ಗಿಡ್ಡ. ಇನ್ನೊಂದು. ಮತ್ತೊಂದು. ಇಳಕಲ್ ಸೀರೆಯ ಸೆರಗಿನ ಎಳೆಗಳು.

ಹುಚ್ಚೀರಪ್ಪ ಎಳೆಗಳನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದ.

ಗಚ್ಚಿಗೆ ಸೀರೆಯ ಎಳೆ ಹಾಕುತ್ತಿದ್ದವಳು ಈ ಸೀಮೆಯಲ್ಲಿ ಒಬ್ಬಳೇ. ಹರಿದ ಸೆರಗನ್ನು ಕೊಡಲಿಯ ಬಾಯಿಗೆ ಹಿಡಿದು ಸಣ್ಣಗೆ ಕೊಚ್ಚುತ್ತಿದ್ದಳು. “ಹೆಂಗಸರ ಸೀರಿ ಸಂಸಾರ ಹಿಡದು ನಿಲ್ಲಿಸತೈತಿ, 	ಗ್ವಾಡಿ ನಿಲ್ಲಿಸೂದಿಲ್ಲೇನು?” ಎನ್ನುತ್ತಿದ್ದಳು. ಗೌಂಡಿಗಳು ನಗುತ್ತಿದ್ದರು. ಅವಳ ಗಚ್ಚು ಮಾತ್ರ ಎಂದೂ ಬಿರಿಯಲಿಲ್ಲ.

ಪಕ್ಕೀರವ್ವ ಮಣ್ಣಿಗೆ ಹೋಗಿ ಹನ್ನೊಂದು ವರ್ಷ. ಈ ಗಚ್ಚು ಒಂದು ತಿಂಗಳಿನದೂ ಅಲ್ಲ.

ಅವಳು ಆ ಹದವನ್ನು ಮಗಳಿಗೂ ಕಲಿಸಿರಲಿಲ್ಲ. ಪಕ್ಕದಲ್ಲಿ ಕೂತು, ಅವಳದೇ ಬುಟ್ಟಿಯಿಂದ ಎಳೆ ಎತ್ತಿ, ಅವಳ ಹಾಡಿಗೆ ದನಿಗೂಡಿಸುತ್ತ ಕಲಿತವಳು ಒಬ್ಬಳೇ ಒಬ್ಬಳು. ಆಗ ಇಪ್ಪತ್ತೈದರ ಹುಡುಗಿ. ಹೋದ ತಿಂಗಳು ಹದಿನೈದು ದಿನ ಇದೇ ಕಟ್ಟೆಯ ಮೇಲೆ ಹಳೆಯ ಸೀರೆಗಳ ರಾಶಿಯ ನಡುವೆ ಕೂತು ಕೌದಿ ಹೊಲಿದವಳು.

ಹುಚ್ಚೀರಪ್ಪ ಮುಷ್ಟಿ ಮುಚ್ಚಿದ. ತಲೆ ಎತ್ತಲಿಲ್ಲ. ಎಳೆಯ ಮಾತು ಹೇಳಿದರೆ ಮಗ ಹೊರಗೆ ಬರುತ್ತಾನೆ, ತಾಯಿ ಒಳಗೆ ಹೋಗುತ್ತಾಳೆ. ಹೇಳದಿದ್ದರೆ ಗೌರೀಶನ ಮಾತೇ ಗಟ್ಟಿಯಾಗುತ್ತದೆ. ನಿನ್ನೆ ಗೋಡೆ ನೋಡದೆ ಮಾತಾಡಿದ್ದ. ಇವತ್ತು ನೋಡಿದ ಮೇಲೆ ಮಾತು ಬರುತ್ತಿಲ್ಲ.

“ಅಜ್ಜಾರ?” ಕಲ್ಲಿನ ಮೇಲಿನ ಫೋನು ಕೇಳಿತು. “ಲೈನಿನಾಗ ಅದೀರಿಲ್ಲೋ?”

“ಅದೀನಪಾ.” ಹುಚ್ಚೀರಪ್ಪ ಫೋನಿನ ಕಡೆ ಬಾಗಿದ. “ರಫೀನ ಕೈ ಅಲ್ಲ ಇದು.”

“ಮತ್ತ ಯಾರದು?”

“ಅದು…”

“ಹೆಂಗ ಹೇಳ್ತೀರಿ ರಫೀಂದಲ್ಲ ಅಂತ?” ಗೌರೀಶ ಕೆಳಗೆ ಬಾಗಿದ. “ಮುಷ್ಟ್ಯಾಗ ಏನೈತಿ ಅಜ್ಜಾರ? ತೋರಿಸ್ರಲ್ಲ.”

ಬೆನ್ನ ಹಿಂದೆ ಹೆಜ್ಜೆಯ ಸದ್ದಾಯಿತು. ಶಾಹಜಾದಬಿ ಬಂದು ಅವನ ಪಕ್ಕದಲ್ಲಿ, ಹಿಂದೆ ಭಟ್ಟಿಯ ಮುಂದೆ ಕೂರುತ್ತಿದ್ದ ಹಾಗೆಯೇ, ನೆಲಕ್ಕೆ ಕೂತಳು. ಕೆಂಪಾದ ಗೋಡೆಯನ್ನು ಒಂದು ಗಳಿಗೆ ನೋಡಿದಳು.

“ಮುಷ್ಟಿ ಬಿಚ್ರಿ ಅಣ್ಣಾರ,” ಎಂದಳು ಮೆಲ್ಲಗೆ. “ಅಕ್ಕ ಕಲಿಸಿದ ಕೆಲಸ. ಮುಚ್ಚಿಡೂದು ಬ್ಯಾಡ.”

“ತಂಗಿ, ಸುಮ್ಮನಿರು.”

“ಸುಮ್ಮನಿದ್ದದ್ದು ಸಾಕಾತರಿ.” ಅವಳು ಕಲ್ಲಿನ ಮೇಲಿನ ಫೋನನ್ನು ಎತ್ತಿಕೊಂಡಳು. “ಸಾಹೇಬ್ರ, ನಾನು ರಫೀನ ತಾಯಿ ಶಾಹಜಾದಬಿ. ಈ ತೂತು ಮುಚ್ಚಿದ ಕೈ ನಂದು. ಮಗನ ಗಡಿಗ್ಯಾಗಿನ ಸುಣ್ಣ, ಕೌದಿ ಹೊಲ್ಯೂ ಸೀರಿ ಎಳಿ. ಅವಂಗ ಇದು ಗೊತ್ತಿಲ್ಲ. ಅವನ್ನ ಬಿಡ್ರಿ.”

ಗೌರೀಶ ಒಂದು ಹೆಜ್ಜೆ ಹಿಂದೆ ಸರಿದ.

“ಒಡವಿ ನೀವು ತಗದ್ರೇನಮ್ಮ?” ದುರಗೇಶನ ದನಿ ಈಗ ಬೇರೆಯಾಗಿತ್ತು.

“ಒಡವಿ ನಾ ಕಣ್ಣಿಲೆ ಕಂಡಿಲ್ಲ ಸಾಹೇಬ್ರ. ನಾ ಮುಚ್ಚೂ ಮುಂದ ಕುಡಿಕಿ ಬರಿದಿತ್ತು.”

“ಮತ್ತ್ಯಾಕ ಮುಚ್ಚಿದ್ರಿ?”

“ಮುಚ್ಚು ಅಂದ್ರು. ಮುಚ್ಚಿದೆ.”

“ಯಾರು ಅಂದ್ರು?”

ಶಾಹಜಾದಬಿಯ ಕಣ್ಣು ಹುಚ್ಚೀರಪ್ಪನನ್ನು ದಾಟಿ, ಗೌರೀಶನನ್ನು ದಾಟಿ, ಹಿತ್ತಲ ಬಾಗಿಲ ಕಡೆ ಹೋಯಿತು. ಹುಚ್ಚೀರಪ್ಪ ತಿರುಗಿ ನೋಡಿದ.

ಎರಡು ವರ್ಷದಿಂದ ಕೋಲಿಲ್ಲದೆ ಹೊಸ್ತಿಲು ದಾಟದ ಕಸ್ತೂರೆಮ್ಮ, ಕೈಯಲ್ಲಿ ಕೋಲಿಲ್ಲದೆ, ಬಾಗಿಲಿನ ಈಚೆ ನಿಂತಿದ್ದಳು.

“ಶಾಹಜಾದಬೀ,” ಎಂದಳು. ದನಿ ಏರಲಿಲ್ಲ. “ಫೋನ್ ಇಡವ್ವ. ಆ ಹೆಸರು ಹೇಳಿದ್ರ ನಾಡಿದ್ದು ಈ ಮನ್ಯಾಗ ಮದುವಿ ಅಕ್ಕಿಕಾಳು ಬೀಳೂದಿಲ್ಲ.”

ಶಾಹಜಾದಬಿ ಫೋನು ಇಡಲಿಲ್ಲ. ಅವಳ ಅಂಗೈಯಲ್ಲಿ ದುರಗೇಶನ ದನಿ ಮತ್ತೆ ಅದೇ ಪ್ರಶ್ನೆ ಕೇಳುತ್ತಿತ್ತು.